ಕಂಪನಿಯ ಕುರ್ಚಿ ಬಿಟ್ಟು ಕರಿಹಲಗೆಯ ಮುಂದೆ



ತಪಸ್ಸುಕಾಲದ ಒಂದು ಭಾನುವಾರ ಎರಡನೆಯ ಪೂಜೆ ಮುಗಿಸಿ ಪೂಜಾವಸ್ತ್ರ ಕಳಚುತ್ತಿದ್ದಾಗ ನಮ್ಮ ಧರ್ಮಕೇಂದ್ರದವರೊಬ್ಬರು ಬಾಗಿಲಲ್ಲಿ ಬಂದು ನಿಂತರು. ವಯಸ್ಸು ನಲವತ್ತೆಂಟು, ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಇಪ್ಪತ್ತನಾಲ್ಕು ವರ್ಷ ಕಂಪನಿಗಳಲ್ಲಿ ದುಡಿದಿದ್ದಾರೆ. ಈಗ ಇನ್ನೂರಕ್ಕೂ ಹೆಚ್ಚು ಮಂದಿ ಅವರ ಕೈಕೆಳಗಿದ್ದಾರೆ. "ಫಾದರ್, ಒಂದು ಹತ್ತು ನಿಮಿಷ ಮಾತಾಡಬೇಕಿತ್ತು" ಎಂದರು. ಹತ್ತು ನಿಮಿಷ ಎಂದವರು ಮಧ್ಯಾಹ್ನದ ಊಟದ ಹೊತ್ತು ಮೀರುವ ತನಕ ಕುಳಿತಿದ್ದರು.

ವಿಷಯ ಇಷ್ಟೇ. ಒಂದು ಖಾಸಗಿ ವಿಶ್ವವಿದ್ಯಾಲಯ ಅವರನ್ನು ಪಾಠ ಹೇಳಲು ಕರೆದಿತ್ತು. ಸದ್ಯಕ್ಕೆ ಪ್ರಾಧ್ಯಾಪಕ, ಎಲ್ಲ ಸರಿಹೋದರೆ ಎರಡು ವರ್ಷದಲ್ಲಿ ಇಡೀ ವಿಭಾಗದ ಮುಖ್ಯಸ್ಥ. ಸಂಬಳ ಈಗಿನದರ ಮೂರರಲ್ಲಿ ಒಂದು ಪಾಲು. ಹೆಂಡತಿಗೆ ಮನಸ್ಸಿಲ್ಲ. ಮಗಳ ವೈದ್ಯಕೀಯ ಓದು ಇನ್ನೂ ಎರಡು ವರ್ಷ ಇದೆ. ಮನೆಯ ಸಾಲ ತೀರಿಲ್ಲ. ಇದೆಲ್ಲವನ್ನೂ ಹೇಳಿ ಕೊನೆಗೆ ಅವರು ಕೇಳಿದ ಪ್ರಶ್ನೆ ಸಂಬಳದ್ದಲ್ಲ. "ಫಾದರ್, ಇದು ದೇವರ ಕರೆಯೋ, ಇಲ್ಲ ಬರೀ ನನಗೆ ಸಾಕಾಗಿಹೋಗಿದೆಯೋ? ಹೇಗೆ ತಿಳಿಯುವುದು?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿದವನಿಗೆ ಇಂಥ ಸಮಯದಲ್ಲಿ ನಾಲಿಗೆ ಕಟ್ಟುವುದು ಹೊಸದೇನಲ್ಲ. ಅವರ ಅಪ್ಪಣೆ ಪಡೆದು ("ಹೆಸರು ಬೇಡ ಫಾದರ್, ಊರೂ ಬೇಡ") ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಈಗ ಒಬ್ಬರದ್ದಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ "ಪ್ರೊಫೆಸರ್ ಆಫ್ ಪ್ರಾಕ್ಟೀಸ್" ಎಂಬ ಹೊಸ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಅನುಭವವಿದ್ದು ಹೆಸರು ಮಾಡಿದವರನ್ನು, ಪಿಎಚ್.ಡಿ. ಇಲ್ಲದಿದ್ದರೂ, ಕಾಲೇಜು ವಿಶ್ವವಿದ್ಯಾಲಯಗಳು ಪಾಠಕ್ಕೆ ಕರೆದುಕೊಳ್ಳಬಹುದು. ಮಂಜೂರಾದ ಹುದ್ದೆಗಳ ನೂರಕ್ಕೆ 10ರಷ್ಟನ್ನು ಅಂಥವರ ಸಂಖ್ಯೆ ಮೀರಕೂಡದು. ಮೊದಲು ಒಂದು ವರ್ಷ, ಹೆಚ್ಚೆಂದರೆ ಒಟ್ಟು ನಾಲ್ಕು ವರ್ಷ. ಕಾಯಂ ಪ್ರಾಧ್ಯಾಪಕರ ಹುದ್ದೆಗೆ ಇದರಿಂದ ಕುಂದು ಬರಬಾರದೆಂದೂ ಅದರಲ್ಲಿ ಬರೆದಿದೆ. ಮುಂದೆ 2025ರ ಜನವರಿಯಲ್ಲಿ ಅದೇ ಆಯೋಗ ಪ್ರಕಟಿಸಿದ ಕರಡು ನಿಯಮ ಇನ್ನೂ ಒಂದು ಹೆಜ್ಜೆ ಹೋಯಿತು. ಉದ್ಯಮದಲ್ಲಿ ಅಥವಾ ಸರಕಾರಿ ಆಡಳಿತದಲ್ಲಿ ಹತ್ತು ವರ್ಷ ಹಿರಿಯ ಸ್ಥಾನದಲ್ಲಿದ್ದವರು ಕುಲಪತಿಯೂ ಆಗಬಹುದು ಎಂದಿತು. ಅದಕ್ಕೆ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು ವಿರೋಧ ಸೂಚಿಸಿದವು. ಫೆಬ್ರವರಿಯಲ್ಲಿ ಉನ್ನತ ಶಿಕ್ಷಣ ಸಚಿವರುಗಳ ಸಭೆ ಬೆಂಗಳೂರಿನಲ್ಲೇ ನಡೆಯಿತು. ಜಗಳ ಬಹುಮಟ್ಟಿಗೆ ರಾಜ್ಯಪಾಲರ ಅಧಿಕಾರದ್ದು. ಅದು ನಮ್ಮ ಪುಟಕ್ಕೆ ಬೇಡ. ಆದರೆ ಅದರೊಳಗೆ ಅಡಗಿರುವ ನೈತಿಕ ಪ್ರಶ್ನೆ ನಮಗೆ ಬೇಕು: ವ್ಯಾಪಾರ ನಡೆಸಿ ಗೆದ್ದವನು ವಿದ್ಯಾಲಯವನ್ನು ನಡೆಸಬಲ್ಲನೇ? ಕಂಪನಿಯಿಂದ ಹೊರಡುವಾಗ ಅವನು ಏನನ್ನು ಹೊತ್ತುಕೊಂಡು ಬರಬೇಕು, ಏನನ್ನು ಅಲ್ಲೇ ಇಳಿಸಿ ಬರಬೇಕು?

ಇದಕ್ಕೆ ನನಗೆ ನೆನಪಾಗುವುದು ನಮ್ಮದೇ ಧರ್ಮಸಭೆಯ ಒಂದು ವಿಶ್ವವಿದ್ಯಾಲಯದ ಕಥೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಮಿಟ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯ ಇದೆ. 1808ರಲ್ಲಿ ಸ್ಥಾಪನೆಯಾದದ್ದು, ಆ ದೇಶದ ಅತ್ಯಂತ ಹಳೆಯ ಕಥೋಲಿಕ ವಿದ್ಯಾಸಂಸ್ಥೆಗಳಲ್ಲಿ ಒಂದು. ಅಲ್ಲೇ ಗುರುಮಠವೂ ಇದೆ. 2015ರಲ್ಲಿ ಅದರ ಅಧ್ಯಕ್ಷರಾಗಿ ಬಂದವರು ಸೈಮನ್ ನ್ಯೂಮನ್. ಪಾಠಶಾಲೆಯಿಂದ ಬಂದವರಲ್ಲ; ವ್ಯಾಪಾರ ಸಲಹೆ, ಹಣ ಹೂಡಿಕೆಯ ಕಂಪನಿಗಳಲ್ಲಿ ದುಡಿದು ಬಂದವರು. ವಿಶ್ವವಿದ್ಯಾಲಯದ ಹಣದ ಸ್ಥಿತಿಯನ್ನು ಇಂಥವರೇ ಸರಿಮಾಡಬಲ್ಲರೆಂದು ಆಡಳಿತ ಮಂಡಳಿ ನಂಬಿತ್ತು. ಆ ನಂಬಿಕೆ ತಪ್ಪೆಂದು ನಾನು ಹೇಳಲಾರೆ. ಬಾಗಿಲು ಮುಚ್ಚಿದ ವಿದ್ಯಾಲಯ ಯಾರಿಗೂ ಪಾಠ ಹೇಳುವುದಿಲ್ಲ.

ಅಮೆರಿಕದ ಕಾಲೇಜುಗಳನ್ನು ಅಳೆಯಲು ಒಂದು ಅಂಕಿ ಇದೆ. ಮೊದಲ ವರ್ಷ ಸೇರಿದವರಲ್ಲಿ ನೂರಕ್ಕೆ ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಮರಳಿ ಬಂದರು ಎಂಬುದೇ ಅದು. ಆ ಅಂಕಿ ಮೇಲಿದ್ದರೆ ಕಾಲೇಜಿಗೆ ಮರ್ಯಾದೆ. ಹೊಸಬರ ತಲೆಯೆಣಿಕೆ ನಡೆಯುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲೇ ಬಿಟ್ಟುಹೋದವರು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿಯೇ ಹೊಸ ಅಧ್ಯಕ್ಷರಿಗೆ ಒಂದು ದಾರಿ ಕಂಡಿತು. ಹೊಸದಾಗಿ ಸೇರಿದ ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಡುವುದು. ಮನಸ್ಸಿನ ಸ್ಥಿತಿ, ಹಣದ ಅನುಕೂಲ, ಹೀಗೆ ಹಲವು ಪ್ರಶ್ನೆ. ಉತ್ತರ ನೋಡಿ ಯಾರು ನಿಲ್ಲಲಾರರೆಂದು ಅಂದಾಜು ಮಾಡುವುದು. ಅಂಥ ಇಪ್ಪತ್ತು-ಇಪ್ಪತ್ತೈದು ಮಂದಿಯನ್ನು ತಲೆಯೆಣಿಕೆಯ ದಿನಕ್ಕೆ ಮೊದಲೇ ಮನೆಗೆ ಕಳಿಸಿದರೆ ಅಂಕಿ ನಾಲ್ಕೈದು ಮೆಟ್ಟಿಲು ಮೇಲೇರುತ್ತದೆ. ಉತ್ತರ ಬರೆದ ಮಕ್ಕಳಿಗೆ ಇದು ಇದಕ್ಕಾಗಿ ಎಂದು ಹೇಳಿರಲಿಲ್ಲ.

ಪ್ರಾಧ್ಯಾಪಕರು ಹಿಂದೇಟು ಹಾಕಿದರು. ಹೆಸರುಗಳ ಪಟ್ಟಿ ಕೊಡದೆಯೇ ಗಡುವು ಕಳೆದುಹೋಯಿತು. ಆಗ ನಡೆದ ಮಾತುಕತೆಯಲ್ಲಿ ಅಧ್ಯಕ್ಷರು ಒಂದು ಮಾತು ಆಡಿದರು. ನೀವು ಈ ಮಕ್ಕಳನ್ನು ಮುದ್ದಿನ ಮೊಲದ ಮರಿಗಳೆಂದುಕೊಂಡಿದ್ದೀರಿ, ಆದರೆ ಮರಿಗಳನ್ನು ಮುಳುಗಿಸಲೇಬೇಕಾಗುತ್ತದೆ ಎಂಬ ಅರ್ಥದ ಮಾತು. 2016ರ ಜನವರಿಯಲ್ಲಿ ವಿದ್ಯಾರ್ಥಿಗಳ ಪತ್ರಿಕೆ ಅದನ್ನು ಅಚ್ಚು ಮಾಡಿತು. ಫೆಬ್ರವರಿಯಲ್ಲಿ ಇಬ್ಬರು ಅಧ್ಯಾಪಕರನ್ನು ಕೆಲಸದಿಂದ ತೆಗೆದರು. ಒಬ್ಬರು ಆ ಪತ್ರಿಕೆಯ ಮಾರ್ಗದರ್ಶಕರು, ಇನ್ನೊಬ್ಬರು ತತ್ವಶಾಸ್ತ್ರದವರು. ದೇಶವೆಲ್ಲ ಗದ್ದಲವಾಗಿ ಕೆಲವೇ ದಿನಗಳಲ್ಲಿ ಇಬ್ಬರನ್ನೂ ಹಿಂದಕ್ಕೆ ಕರೆಯಬೇಕಾಯಿತು. ಅಧ್ಯಾಪಕರು ಮತ ಹಾಕಿದರು: ಅಧ್ಯಕ್ಷರು ರಾಜೀನಾಮೆ ಕೊಡಬೇಕೆಂದವರು 87, ಬೇಡವೆಂದವರು 3. ಆ ತಿಂಗಳ ಕೊನೆಯ ದಿನ, 29ರಂದು, ಅವರು ಹುದ್ದೆ ಬಿಟ್ಟರು.

ಓದುಗರೇ, ಇಷ್ಟು ಕೇಳಿ ಆ ಮನುಷ್ಯನನ್ನು ಕಟುಕನೆಂದು ತೀರ್ಮಾನಿಸುವುದು ಸುಲಭ. ಹಾಗೆ ಮಾಡಿದರೆ ಕಥೆಯಿಂದ ನಾವೇನೂ ಕಲಿಯುವುದಿಲ್ಲ. ಅವರ ಕಡೆಯಿಂದಲೂ ಒಂದು ವಾದವಿತ್ತು. ಹೇಗೂ ಸೋಲುವ ಹುಡುಗ ವರ್ಷವಿಡೀ ಫೀಸು ಕಟ್ಟಿ, ಸಾಲದಲ್ಲಿ ಮುಳುಗಿ ಆಮೇಲೆ ಬಿಡುವುದಕ್ಕಿಂತ ಮೊದಲ ತಿಂಗಳಲ್ಲೇ ಹಣ ವಾಪಸು ಪಡೆದು ಹೊರಟರೆ ಅವನಿಗೇ ಒಳ್ಳೆಯದಲ್ಲವೇ? ಇದು ಪೊಳ್ಳು ವಾದವಲ್ಲ. ನಮ್ಮ ಊರುಗಳಲ್ಲಿಯೂ ಇಂಜಿನಿಯರಿಂಗಿಗೆ ಸೇರಿ, ಹತ್ತಾರು ವಿಷಯ ಬಾಕಿ ಉಳಿಸಿಕೊಂಡು, ಅಪ್ಪ ತೋಟ ಅಡವಿಟ್ಟ ಸಾಲ ತೀರಿಸಲಾಗದೆ ಮುಖ ಮರೆಸಿಕೊಂಡು ತಿರುಗುವ ಹುಡುಗರನ್ನು ನಾನು ಬಲ್ಲೆ. ಮೊದಲೇ ಯಾರಾದರೂ ನಿಜ ಹೇಳಿದ್ದರೆ ಅವರು ಬದುಕುತ್ತಿದ್ದರು. ಹಾಗಾದರೆ ತಪ್ಪು ಎಲ್ಲಿ? ಕಳಿಸುವುದರಲ್ಲಿ ಅಲ್ಲ. ಯಾರಿಗಾಗಿ ಕಳಿಸಿದೆವು ಎಂಬಲ್ಲಿ. ಹುಡುಗನಿಗೆ ಒಳ್ಳೆಯದಾಗಲೆಂದು ಕಳಿಸುವವನು ಸೆಪ್ಟೆಂಬರಿನ ಲೆಕ್ಕದ ದಿನ ನೋಡುವುದಿಲ್ಲ. ಅಕ್ಟೋಬರಿನಲ್ಲಿಯೂ ಅವನ ಜೊತೆ ಕುಳಿತು ಮಾತಾಡುತ್ತಾನೆ. ಗಡುವನ್ನು ನೋಡಿದರೆ ಮನಸ್ಸು ಗೊತ್ತಾಗುತ್ತದೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ, ನಡುವಯಸ್ಸು ದಾಟಿದ ಮೇಲೆ ನಮ್ಮ ಧರ್ಮಸಭೆಗೆ ಸೇರಿದ ಅಲಾಸ್ಡೇರ್ ಮ್ಯಾಕಿಂಟೈರ್ ಎಂಬ ತತ್ವಜ್ಞಾನಿ 2025ರ ಮೇ ತಿಂಗಳಲ್ಲಿ ತೀರಿಕೊಂಡರು. 1981ರಲ್ಲಿ ಬಂದ "ಆಫ್ಟರ್ ವರ್ಚ್ಯೂ" ಎಂಬ ಪುಸ್ತಕದಲ್ಲಿ ಅವರು ಒಂದು ಮಗುವಿನ ಉದಾಹರಣೆ ಕೊಡುತ್ತಾರೆ. ಮಗುವಿಗೆ ಚದುರಂಗ ಕಲಿಸಬೇಕು. ಅದಕ್ಕೆ ಆಸಕ್ತಿಯಿಲ್ಲ, ಮಿಠಾಯಿಯ ಆಸೆಯಿದೆ. ಆಡಿದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ ಎಂದು ಆಸೆ ತೋರಿಸುತ್ತೀರಿ. ಮಿಠಾಯಿಗಾಗಿ ಮಾತ್ರ ಆಡುವ ತನಕ ಆ ಮಗುವಿಗೆ ಮೋಸ ಮಾಡದಿರಲು ಯಾವ ಕಾರಣವೂ ಇಲ್ಲ. ಯಾವತ್ತು ಅದಕ್ಕೆ ಆಟದ ಒಳಗಿನ ಸೊಗಸು ಹಿಡಿಯುತ್ತದೋ ಅವತ್ತಿನಿಂದ ಮೋಸ ಮಾಡಿದರೆ ಸೋಲುವುದು ಅದೇ ಮಗು. ಕಲಿಕೆ, ವೈದ್ಯ, ಬೇಸಾಯ, ಸಂಗೀತ, ಎಲ್ಲಕ್ಕೂ ಇಂಥ ಒಳಗಿನ ಫಲವೂ ಇದೆ, ಹಣ-ಹೆಸರು-ಅಧಿಕಾರ ಎಂಬ ಹೊರಗಿನ ಫಲವೂ ಇದೆ. ಇಲ್ಲಿಯೇ ಅವರು ಎಚ್ಚರದ ಮಾತೊಂದನ್ನು ಸೇರಿಸುತ್ತಾರೆ: ಸಂಸ್ಥೆಯಿಲ್ಲದೆ ಯಾವ ವಿದ್ಯೆಯೂ ಬಹಳ ಕಾಲ ಬಾಳದು, ಆದರೆ ಸಂಸ್ಥೆ ನಡೆಯುವುದು ಹೊರಗಿನ ಫಲಗಳಿಂದ, ಆದ್ದರಿಂದ ಅದು ಒಳಗಿನದನ್ನು ಸದಾ ಕೆಡಿಸುವ ಅಪಾಯವೂ ಇದ್ದದ್ದೇ. ದೇವಾಲಯ ಕಟ್ಟಿಸಿದ ಯಾವ ಗುರುವಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿಯಿಂದ ಬರುವವನು ಹೊರಗಿನ ಫಲವನ್ನು ಕಾಯುವ ಕಲೆಯಲ್ಲಿ ನುರಿತವನು. ಅದು ಪಾಪವಲ್ಲ. ನಮ್ಮ ಅನೇಕ ಕಾಲೇಜುಗಳಿಗೆ ಅದು ತುರ್ತಾಗಿ ಬೇಕು. ಅಂಕಪಟ್ಟಿ ತಿಂಗಳುಗಟ್ಟಲೆ ತಡವಾಗಿ ಕೆಲಸ ಕೈತಪ್ಪಿಸಿಕೊಂಡ ಹುಡುಗಿಯನ್ನು ಕೇಳಿ. ಇಪ್ಪತ್ತು ವರ್ಷದಿಂದ ಅದೇ ಹಳದಿಯಾದ ಟಿಪ್ಪಣಿ ಓದಿ ಬರೆಸುವ ಪ್ರಾಧ್ಯಾಪಕರ ತರಗತಿಯಲ್ಲಿ ಕುಳಿತವರನ್ನು ಕೇಳಿ. ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸುವ ಒಬ್ಬ ಮನುಷ್ಯ ಅಲ್ಲಿಗೆ ಬಂದರೆ ಅದೂ ಒಂದು ಧರ್ಮವೇ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಮೊದಲ ಕುಲಪತಿ ವಿಪ್ರೋ ಕಂಪನಿಯಲ್ಲಿ ದುಡಿದವರು. ಮೌಂಟ್ ಸೇಂಟ್ ಮೇರೀಸ್ ಕೂಡ ಆ ಪೆಟ್ಟು ತಿಂದ ಮೇಲೆ ಹೊರಗಿನವರು ಬೇಡವೆಂದು ಬಾಗಿಲು ಹಾಕಿಕೊಳ್ಳಲಿಲ್ಲ. ಅದೇ 2016ರಲ್ಲಿ ಅಲ್ಲಿನ ಅಧ್ಯಕ್ಷರಾಗಿ ಬಂದವರು ಸೇನೆಯಿಂದ ನಿವೃತ್ತರಾದ ಬ್ರಿಗೇಡಿಯರ್ ಜನರಲ್. ಆದರೆ ಅವರು ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಪಾಠ-ಪ್ರವಚನದ ಹೊಣೆ ಹೊತ್ತ ಡೀನ್ ಆಗಿದ್ದವರು. ಎಲ್ಲಿಂದ ಬಂದರು ಎಂಬುದಕ್ಕಿಂತ ನಡುವೆ ಏನು ಕಲಿತರು ಎಂಬುದು ಮುಖ್ಯವಾಯಿತೇನೋ.

ಈ "ನಡುವೆ" ಎಂಬ ಮಾತಿಗೆ ಇನ್ನೊಬ್ಬರನ್ನು ನೆನೆಯಬೇಕು. ಕ್ಲೇಟನ್ ಕ್ರಿಸ್ಟೆನ್ಸನ್ ಎಂಬ ಅಮೆರಿಕನ್ನರು ದೊಡ್ಡ ಸಲಹಾ ಕಂಪನಿಯೊಂದರಲ್ಲಿ ದುಡಿದು, 1984ರಲ್ಲಿ ಕೆಲವು ಪ್ರಾಧ್ಯಾಪಕರ ಜೊತೆ ಸೇರಿ ಪಿಂಗಾಣಿ ವಸ್ತುಗಳ ಕಂಪನಿಯೊಂದನ್ನು ಕಟ್ಟಿದರು. ಆಮೇಲೆ ಅದನ್ನು ಬಿಟ್ಟು ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಆದರೆ ನೇರವಾಗಿ ಅಲ್ಲ. ಐದು ಮಕ್ಕಳ ತಂದೆಯಾದ ಅವರು ಮೊದಲು ಡಾಕ್ಟರೇಟಿಗೆ ಸೇರಿ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತರು. 1992ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅದನ್ನು ಮುಗಿಸಿದರು. ನಿನ್ನೆ ತನಕ ಆಜ್ಞೆ ಕೊಡುತ್ತಿದ್ದವನು ಇಂದು ಕೈಯೆತ್ತಿ ಸಂದೇಹ ಕೇಳುವುದು ಸಣ್ಣ ತಪಸ್ಸಲ್ಲ. ಅವರು ನಮ್ಮ ಧರ್ಮಸಭೆಯವರಲ್ಲ, ಮಾರ್ಮನ್ ಪಂಥದವರು; 2020ರಲ್ಲಿ ತೀರಿಕೊಂಡರು. ವ್ಯಾಪಾರಶಾಸ್ತ್ರದ ತಮ್ಮ ತರಗತಿಯನ್ನು ಅವರು ಮುಗಿಸುತ್ತಿದ್ದದ್ದು ವ್ಯಾಪಾರದ ಪ್ರಶ್ನೆಯಿಂದಲ್ಲ. ನಿಮ್ಮ ಕೆಲಸದಲ್ಲಿ ಸುಖವಾಗಿರುತ್ತೀರೆಂದು ಹೇಗೆ ಗೊತ್ತು? ಹೆಂಡತಿ ಮಕ್ಕಳ ನಂಟು ಬಾಡದಂತೆ ಹೇಗೆ ನೋಡಿಕೊಳ್ಳುತ್ತೀರಿ? ಜೈಲಿಗೆ ಹೋಗದಂತೆ ಹೇಗೆ ಬದುಕುತ್ತೀರಿ? ಈ ಮೂರು ಕೇಳುತ್ತಿದ್ದರು. ಮೂರನೆಯದನ್ನು ಕೇಳಿ ಮಕ್ಕಳು ನಗುತ್ತಿದ್ದರೋ ಏನೋ, ಅವರಿಗದು ತಮಾಷೆಯಾಗಿರಲಿಲ್ಲ. ದಿವಾಳಿಯೆದ್ದ ಎನ್ರಾನ್ ಕಂಪನಿಯ ಮುಖ್ಯಸ್ಥರಾಗಿದ್ದು ಮುಂದೆ ಜೈಲು ಸೇರಿದವರು ಅವರ ಸಹಪಾಠಿ.

ನಮ್ಮ ಮನುಷ್ಯನಿಗೆ ಇದನ್ನು ಹೇಳಿದಾಗ ಅವರು ಸುಮ್ಮನಾದರು. ಪ್ರಾಧ್ಯಾಪಕ ಎಂಬ ಬಿರುದು ಮೊದಲ ದಿನವೇ ಸಿಗುವುದರಲ್ಲಿ ಒಂದು ಮುಜುಗರ ಇದೆ ಫಾದರ್ ಎಂದು ಅವರೇ ಒಪ್ಪಿಕೊಂಡರು. ನ್ಯಾಯದ ಪ್ರಶ್ನೆಯೂ ಇದೆ. ನಮ್ಮ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷವರ್ಷವೂ ಹೊಸದಾಗಿ ನೇಮಕವಾಗುತ್ತ, ಬಿಡುಗಡೆಯಾಗುತ್ತ, ತಲೆ ನರೆಯುವ ತನಕ ದುಡಿಯುತ್ತಾರೆ. ಅವರಲ್ಲಿ ಪಿಎಚ್.ಡಿ. ಆದವರಿದ್ದಾರೆ. ನಮ್ಮ ಪೀಠಗಳಲ್ಲಿ ನಿಮ್ಮ ಪಕ್ಕದಲ್ಲಿಯೇ ಕುಳಿತು ಪೂಜೆ ಕೇಳುವವರೂ ಇದ್ದಾರೆ. ಕಂಪನಿಯಿಂದ ಬರುವವನು ಆ ಶಿಕ್ಷಕರ ಕೊಠಡಿಗೆ ಕಾಲಿಡುವಾಗ ಚಪ್ಪಲಿ ಬಿಟ್ಟು ಒಳಗೆ ಹೋಗುವವನ ಮನಸ್ಸು ಇಟ್ಟುಕೊಳ್ಳಬೇಕು. ಅನುಭವ ಅವನಿಗಿದೆ ನಿಜ. ಅರ್ಥವಾಗದ ಹುಡುಗನಿಗೆ ಮೂರನೆಯ ಸಲ ಬೇರೆ ರೀತಿಯಲ್ಲಿ ಹೇಳುವ ಅನುಭವ ಅವರಿಗಿದೆ.

ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ವೈದ್ಯ ಆರೋಗ್ಯವನ್ನು ಹೊರಗಿನಿಂದ ತಂದು ತುಂಬುವುದಿಲ್ಲ. ದೇಹದೊಳಗೆ ತಾನಾಗಿ ಗುಣವಾಗುವ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ಗುರು ಶಿಷ್ಯನ ಬುದ್ಧಿಯೊಳಗಿನ ಬೆಳಕಿಗೆ ನೆರವಾಗುತ್ತಾನೆ. ನಾನು ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಈಗ ಅದರ ಇನ್ನೊಂದು ಮುಖ ಕಾಣುತ್ತದೆ: ಹಾಗಾದರೆ ವಿದ್ಯಾರ್ಥಿ ಗಿರಾಕಿಯೂ ಅಲ್ಲ, ತಯಾರಾಗಿ ಹೊರಬೀಳುವ ಸರಕೂ ಅಲ್ಲ. ಕಂಪನಿಯಲ್ಲಿ ಕೆಲಸಗಾರ ಕೆಲಸಕ್ಕಾಗಿ ಇದ್ದಾನೆ. ಕೆಲಸ ಮಾಡಲಾಗದಿದ್ದರೆ ಅವನನ್ನು ಮರ್ಯಾದೆಯಿಂದ ಬೀಳ್ಕೊಡುವುದರಲ್ಲಿ ಅನ್ಯಾಯವಿಲ್ಲ. ವಿದ್ಯಾಲಯದಲ್ಲಿ ಕೆಲಸವೇ ಹುಡುಗನಿಗಾಗಿ ಇದೆ. ಕಲಿಯಲಾಗದವನನ್ನು ಕಳಿಸಿದರೆ ಆ ಕೆಲಸ ಮುಗಿಯಿತೆಂದಲ್ಲ, ಮಾಡದೆ ಬಿಟ್ಟೆವೆಂದು ಅರ್ಥ. ಆ ಅಮೆರಿಕದ ಅಧ್ಯಕ್ಷರ ಹೆಸರೂ ನ್ಯೂಮನ್, ವಿಶ್ವವಿದ್ಯಾಲಯದ ಬಗ್ಗೆ 1852ರಲ್ಲಿ ಡಬ್ಲಿನ್ ನಗರದಲ್ಲಿ ಹೆಸರಾದ ಉಪನ್ಯಾಸ ಕೊಟ್ಟವರ ಹೆಸರೂ ನ್ಯೂಮನ್. ಈ ಎರಡನೆಯವರನ್ನು ವಿಶ್ವಗುರು ಲಿಯೋ 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ವಿದ್ಯಾಲಯ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಲ್ಲ ತಾಯಿಯಂತಿರಬೇಕು ಎಂಬುದು ಅವರ ಆಸೆ. ಅವರೂ ಡಬ್ಲಿನ್ನಿನಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಕೆಲವೇ ವರ್ಷ ಹೆಣಗಾಡಿ ಹಿಂತಿರುಗಿದರು ಎಂಬುದನ್ನೂ ಮರೆಯಬಾರದು. ಬರೆಯುವುದು ಬೇರೆ, ನಡೆಸುವುದು ಬೇರೆ.

ಇಷ್ಟು ಹೊತ್ತು ನಾನು ಅಮೆರಿಕದವರ ತಪ್ಪನ್ನು ಆಡಿದೆ. ಈಗ ನನ್ನದು.

ಹತ್ತು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ಪ್ರೌಢಶಾಲೆಯೊಂದಕ್ಕೆ ನಾನು ಸಂಚಾಲಕ. ಎಸ್.ಎಸ್.ಎಲ್.ಸಿ.ಯಲ್ಲಿ ಹಿಂದಿನ ವರ್ಷ ನೂರಕ್ಕೆ ನೂರು ಫಲಿತಾಂಶ. ಹೆಬ್ಬಾಗಿಲಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದೆವು. ಅದನ್ನು ಉಳಿಸಿಕೊಳ್ಳಬೇಕಿತ್ತು. ಒಂಬತ್ತನೆಯ ತರಗತಿಯಲ್ಲಿ ಏಳು ಮಕ್ಕಳು ಹಿಂದುಳಿದಿದ್ದರು. ತಂದೆತಾಯಿಯರನ್ನು ಕರೆಸಿ, "ಬೇರೆ ಶಾಲೆಗೆ ಸೇರಿಸಿದರೆ ಮಗುವಿಗೇ ಒಳ್ಳೆಯದು" ಎಂದು ಹೇಳಿ ಟಿ.ಸಿ. ಕೊಟ್ಟೆವು. ಹೇಳಿದವನು ನಾನೇ, ಸಹಿ ಕೂಡ ನನ್ನದೇ. ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ಯಾವ ಕಂಪನಿಯಲ್ಲೂ ನಾನು ಒಂದು ದಿನ ದುಡಿದವನಲ್ಲ. ಮನೆಗೆಲಸ ಮಾಡಿ ಬದುಕುವ ಒಬ್ಬ ತಾಯಿ ಮಾತ್ರ ಕಾಗದ ಕೈಗೆ ತೆಗೆದುಕೊಳ್ಳದೆ ನಿಂತಿದ್ದರು. "ಸ್ವಾಮಿ, ನಮ್ಮ ಹುಡ್ಗ ಓದಲ್ಲ ಅಂತ ತಾನೇ ಸ್ಕೂಲಿಗೆ ಕಳ್ಸಿದ್ದು? ತಾನೇ ಓದ್ಕೊಳ್ಳೋ ಮಕ್ಳಿಗೆ ಸ್ಕೂಲ್ ಯಾಕೆ?" ಎಂದರು. ನಾನು ಏನೋ ಸಮಾಧಾನ ಹೇಳಿದೆ. ಮರುವರ್ಷವೂ ಫ್ಲೆಕ್ಸ್ ಕಟ್ಟಿದೆವು.

ಮೌಂಟ್ ಸೇಂಟ್ ಮೇರೀಸ್‌ನ ಸುದ್ದಿ ನಾನು ಓದಿದ್ದು ಅದಾದ ಕೆಲವು ತಿಂಗಳಿಗೆ. ಓದಿ ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಆ ಏಳು ಟಿ.ಸಿ.ಗಳ ನೆನಪಾಯಿತು. ಅವರು ಪಟ್ಟಿ ಮಾಡಲು ಹೊರಟು ಆಗಲಿಲ್ಲ, ಅಲ್ಲಿನ ಅಧ್ಯಾಪಕರು ತಡೆದರು. ನನ್ನ ಪಟ್ಟಿಯನ್ನು ಯಾರೂ ತಡೆಯಲಿಲ್ಲ. ಕಳೆದುಹೋದ ಒಂದು ಕುರಿಯ ಸಾಮತಿಯನ್ನು ನಾನು ಎಷ್ಟು ಸಲ ಪ್ರಬೋಧನೆಯಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ತೊಂಬತ್ತೊಂಬತ್ತು ಕುರಿ ಉಳಿಸಿಕೊಂಡ ಕುರುಬನಿಗೆ ಇಂದಿನ ಲೆಕ್ಕದಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ.

ಆದ್ದರಿಂದ ಲಾಭನಷ್ಟದ ಮನಸ್ಸು ಕಂಪನಿಯಿಂದ ಬರುವವರ ಜೊತೆಗೇ ಬರುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ಅದು ಮೊದಲೇ ನಮ್ಮಲ್ಲಿದೆ. ಅವರು ಅದನ್ನು ಅಡಗಿಸದೆ ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಮೊದಲ ಪ್ರಶ್ನೆಗೆ ಬರೋಣ: ಕರೆಯೋ, ದಣಿವೋ? ಇದಕ್ಕೆ ನನಗೆ ನೆರವಾದವರು ಸಂತ ಅಗಸ್ತೀನರು. ಅವರು ನಡೆದದ್ದು ಎದುರು ದಿಕ್ಕಿನಲ್ಲಿ. ಪಾಠ ಹೇಳುವ ಹುದ್ದೆಯನ್ನೇ ಬಿಟ್ಟವರು. ಕ್ರಿ.ಶ. 386ರಲ್ಲಿ ಮಿಲಾನ್ ನಗರದಲ್ಲಿ ಅವರು ಭಾಷಣಕಲೆಯ ಅಧ್ಯಾಪಕರು. ಸಂಬಳ, ಗೌರವ ಎರಡೂ ಇತ್ತು. ಮನಸ್ಸು ತಿರುಗಿದ ಮೇಲೂ ಅವರು ಆ ಕೂಡಲೇ ಎದ್ದು ಹೋಗಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಇಪ್ಪತ್ತು ದಿನವಿತ್ತು. ಅಷ್ಟು ದಿನ ಸಹಿಸಿ, ಪಾಠ ಮುಗಿಸಿ, ಆಮೇಲೆ ಬಿಟ್ಟರು. ಇನ್ನೊಂದು ಸಂಗತಿಯನ್ನೂ ತಮ್ಮ ನಿವೇದನೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಆ ಬೇಸಿಗೆಯಲ್ಲಿ ಅತಿಯಾದ ದುಡಿಮೆಯಿಂದ ಅವರ ಎದೆ ನೋಯುತ್ತಿತ್ತು, ದನಿ ಏರುತ್ತಿರಲಿಲ್ಲ. ಹೇಗೂ ಕೆಲಸ ಬಿಡಬೇಕಾಗುತ್ತಿತ್ತು. ಜನರಿಗೆ ಹೇಳಲು ಸುಳ್ಳಲ್ಲದ ಒಂದು ನೆಪ ಸಿಕ್ಕಿತೆಂದು ಅವರಿಗೆ ಸಂತೋಷವೂ ಆಯಿತು.

ಗಮನಿಸಿ. ಕರೆಯೂ ಇತ್ತು, ದಣಿವೂ ಇತ್ತು. ಎರಡರಲ್ಲಿ ಒಂದನ್ನು ತೆಗೆದುಹಾಕಿ ಶುದ್ಧವಾದ ಇನ್ನೊಂದನ್ನು ಉಳಿಸಿಕೊಳ್ಳಲು ಆ ಮಹಾಸಂತನೂ ಹೋಗಲಿಲ್ಲ. ನಾವು ನಮ್ಮ ಉದ್ದೇಶ ಹಾಲಿನಂತೆ ಇರಬೇಕೆಂದು ಕಾಯುತ್ತ ಕುಳಿತರೆ ಯಾರೂ ಮದುವೆಯಾಗುವಂತಿಲ್ಲ, ಯಾರೂ ಗುರುವಾಗುವಂತಿಲ್ಲ. ನಾನು ಗುರುಮಠಕ್ಕೆ ಸೇರಿದ್ದರಲ್ಲಿ ಊರ ಗುರುಗಳ ಮೋಟಾರ್ ಸೈಕಲ್ಲಿನ ಪಾಲು ಎಷ್ಟಿತ್ತೆಂದು ನನಗೊಬ್ಬನಿಗೇ ಗೊತ್ತು. ನೋಡಬೇಕಾದದ್ದು ಬೇರೆ: ದಣಿವು ಆರಿದ ಮೇಲೆಯೂ ಆ ಆಸೆ ಉಳಿಯುತ್ತದೆಯೇ? ಒಂದು ತಿಂಗಳು ರಜೆ ಹಾಕಿ, ಊರಿಗೆ ಹೋಗಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಮೇಲೂ ತರಗತಿಯೇ ಕಣ್ಣಮುಂದೆ ಬರುತ್ತದೆಯೇ? ಬರುವುದು ತರಗತಿಯೋ, ಬಾಗಿಲ ಮೇಲಿನ ಹೆಸರಿನ ಫಲಕವೋ? ಇದನ್ನೇ ಅವರಿಗೆ ಹೇಳಿ ಕಳಿಸಿದೆ. ನಾನು ದೊಡ್ಡ ಉತ್ತರ ಕೊಟ್ಟೆನೆಂದು ಹಿಗ್ಗಿದ್ದೆ.

ಮರುವಾರ ಅವರ ಹೆಂಡತಿ ಬಂದರು. ಕೂರಲಿಲ್ಲ. "ಫಾದರ್, ಇವರು ತ್ಯಾಗ ಮಾಡುತ್ತಾರಂತೆ. ಮಾಡಲಿ. ಆದರೆ ಆ ತ್ಯಾಗದ ಬಿಲ್ಲು ಕಟ್ಟುವವಳು ನಾನು, ನನ್ನ ಮಗಳು. ನಮ್ಮನ್ನು ಯಾವ ದೇವರೂ ಕರೆಯಲಿಲ್ಲವಲ್ಲ" ಎಂದರು.

ಓದುಗರೇ, ಈ ಮಾತಿಗೆ ಅಗಸ್ತೀನರಲ್ಲಿಯೂ ಉತ್ತರ ಸಿಗಲಿಲ್ಲ. ಅವರಿಗೆ ಮನೆಸಾಲ ಇರಲಿಲ್ಲ. ಮದುವೆಯಲ್ಲಿ ಇಬ್ಬರು ಕೈಹಿಡಿದು ಕೊಟ್ಟ ಮಾತು ಒಬ್ಬರ ಹೊಸ ಕನಸಿಗಿಂತ ಹಳೆಯದು. ಅದಕ್ಕೇ ಮೊದಲ ಹಕ್ಕು. ಇದು ನನಗೆ ಖಚಿತ. ಗಂಡ ಇಪ್ಪತ್ತು ವರ್ಷ ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಅಡುಗೆ ಬಿಸಿ ಮಾಡಿಕೊಟ್ಟವರು, ತಮ್ಮ ಶಾಲಾ ಕೆಲಸವನ್ನು ಮಗಳು ಹುಟ್ಟಿದಾಗ ಬಿಟ್ಟವರು (ಹೌದು, ಅವರೂ ಟೀಚರ್ ಆಗಿದ್ದವರು, ಅವರೇ ಹೇಳುವ ತನಕ ನನಗೆ ಗೊತ್ತಿರಲಿಲ್ಲ) ಕೇಳುವ ಪ್ರಶ್ನೆಯನ್ನು ಲೋಕಾಸಕ್ತಿ ಎಂದು ತಳ್ಳಿಹಾಕುವುದು ಘೋರ ತಪ್ಪು. ಅದೇ ಹೊತ್ತಿಗೆ, ಸಂಬಳ ತರುವ ಯಂತ್ರವಾಗಿ ಗಂಡನನ್ನು ಅರವತ್ತರ ತನಕ ಓಡಿಸುವುದೂ ಮದುವೆಯ ಧರ್ಮವಲ್ಲ. ಎರಡನ್ನೂ ಅವರಿಬ್ಬರ ಮುಂದೆಯೇ ಹೇಳಿದೆ. ಇಬ್ಬರೂ ಒಪ್ಪಲಿಲ್ಲ. ಅಂದರೆ ಒಬ್ಬೊಬ್ಬರು ಒಂದೊಂದು ಅರ್ಧವನ್ನು ಮಾತ್ರ ಒಪ್ಪಿದರು.

ಕೊನೆಗೆ ಅವರು ತಾವೇ ಒಂದು ಏರ್ಪಾಡು ಮಾಡಿಕೊಂಡರು. ಮಗಳ ಓದು ಮುಗಿಯುವ ತನಕ ಕಂಪನಿ ಬಿಡುವಂತಿಲ್ಲ. ಶನಿವಾರ ಮಾತ್ರ, ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಲ್ಲ, ಮನೆಗೆ ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಎರಡು ತಾಸು ಪಾಠ. ಮುಖ್ಯಸ್ಥರ ಹುದ್ದೆಯ ಮಾತನ್ನು ಸದ್ಯಕ್ಕೆ ಎತ್ತುವುದಿಲ್ಲ. ಮೊದಲ ಪಾಠಕ್ಕೆ ಎಪ್ಪತ್ತು ಸ್ಲೈಡು ಮಾಡಿಕೊಂಡು ಹೋಗಿದ್ದರಂತೆ. ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಸೀಮೆಸುಣ್ಣ ಹಿಡಿದು ನಿಂತರೆ ಕೈ ನಡುಗಿತಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಹೇಳಿ ಸರ್ ಎಂದಳು. ಇಪ್ಪತ್ತನಾಲ್ಕು ವರ್ಷ ಇಂಗ್ಲಿಷಿನಲ್ಲೇ ವ್ಯವಹರಿಸಿದ ಇವರಿಗೆ ಸವಕಳಿ ಎಂಬ ಪದ ನೆನಪಾಗಲು ಎರಡು ನಿಮಿಷ ಹಿಡಿಯಿತು. ಈಗ ಶುಕ್ರವಾರ ರಾತ್ರಿ ಪಾಠ ಸಿದ್ಧ ಮಾಡುವಾಗ ಹೆಂಡತಿ ಪಕ್ಕದಲ್ಲಿ ಕುಳಿತು ಹೀಗಲ್ಲ, ಹೀಗೆ ಹೇಳಿ ಎನ್ನುತ್ತಾರಂತೆ. ಎರಡು ವರ್ಷದ ನಂತರ ಏನು ಮಾಡುತ್ತಾರೋ ಅವರಿಗೂ ತಿಳಿಯದು.

ನನ್ನ ಏಳು ಮಕ್ಕಳಲ್ಲಿ ಐವರು ಎಲ್ಲಿದ್ದಾರೋ ಗೊತ್ತಿಲ್ಲ. ಒಬ್ಬಳಿಗೆ ಮದುವೆಯಾಗಿದೆ ಎಂದು ಕೇಳಿದ್ದೇನೆ. ಆ ತಾಯಿಯ ಮಗ ಹಳೆಯ ಊರಿನ ಬಸ್ ನಿಲ್ದಾಣದ ಹತ್ತಿರ ದ್ವಿಚಕ್ರ ವಾಹನ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಳೆದ ವರ್ಷ ಹಬ್ಬಕ್ಕೆಂದು ಆ ಊರಿಗೆ ಹೋದಾಗ ನನ್ನ ಸ್ಕೂಟರ್ ಕೆಟ್ಟು, ತಳ್ಳಿಕೊಂಡು ಹೋದದ್ದು ಅವನ ಅಂಗಡಿಗೇ. ಅವನೇ ಗುರುತು ಹಿಡಿದ. ಪ್ಲಗ್ಗು ಬದಲಿಸಿ, ಕೈ ಒರೆಸಿಕೊಂಡು, ಕೂಲಿ ಬೇಡ ಸ್ವಾಮಿ, ಪ್ಲಗ್ಗಿನ ದುಡ್ಡು ಮಾತ್ರ ಕೊಡಿ ಎಂದ. ಆ ಟಿ.ಸಿ.ಯ ಮಾತು ನನ್ನ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಈ ಬರಹ ಅಚ್ಚಾದ ಮೇಲೆ ಒಂದು ಪ್ರತಿ ತೆಗೆದುಕೊಂಡು ಅವನ ಅಂಗಡಿಗೆ ಹೋಗಬೇಕೆಂದಿದ್ದೇನೆ.